ಒಂದು ಗುಂಡಿನ ಲೆಕ್ಕ

ಕಾಶಿಗೆ ಹೋದವರು ಪ್ರಯಾಗವನ್ನೂ ಕಂಡು ಬರುವುದು ನಮ್ಮವರ ಹಳೆಯ ವಾಡಿಕೆ. ಪ್ರಯಾಗದ ವಸ್ತುಸಂಗ್ರಹಾಲಯದಲ್ಲಿ ಚಂದ್ರಶೇಖರ ಆಜಾದರ ಪಿಸ್ತೂಲಿದೆ. ಅದು ಅಮೆರಿಕದ ಕೋಲ್ಟ್ ಕಂಪನಿಯ 1903ರ ಮಾದರಿ, ಪಾಯಿಂಟ್ 32 ಬೋರಿನದು. 1908ರಲ್ಲಿ ಅದೇ ಕಂಪನಿ, ಮುಖ್ಯವಾಗಿ ನಳಿಗೆಯನ್ನೂ ಮ್ಯಾಗಜಿನನ್ನೂ ಬದಲಿಸಿ, ಅದೇ ವಿನ್ಯಾಸವನ್ನು ಪಾಯಿಂಟ್ 380 ಬೋರಿನಲ್ಲಿ ಹೊರತಂದಿತು. ಗುಂಡು ದಪ್ಪವಾಯಿತು, ಎಂಟು ಹಿಡಿಯುತ್ತಿದ್ದಲ್ಲಿ ಏಳು ಮಾತ್ರ ಹಿಡಿದವು. ಪೆಟ್ಟಿನ ಬಲ ಬೇಕೆಂದವನು ಒಂದು ಗುಂಡನ್ನು ಬಿಟ್ಟುಕೊಡಬೇಕಾಯಿತು.

ಆ ಒಂದು ಗುಂಡಿನ ಬೆಲೆಯನ್ನು ಆಜಾದರಷ್ಟು ಬಲ್ಲವರು ವಿರಳ. 1921ರಲ್ಲಿ ಅವರು ಕಾಶಿಯಲ್ಲಿ ಸಂಸ್ಕೃತ ಕಲಿಯುತ್ತಿದ್ದ ಹದಿನೈದರ ಹುಡುಗ. ಅಸಹಕಾರ ಚಳವಳಿಯಲ್ಲಿ ಸೆರೆಸಿಕ್ಕು, ನ್ಯಾಯಾಧೀಶರೆದುರು ತಮ್ಮ ಹೆಸರು ‘ಆಜಾದ್’ ಎಂದು ಹೇಳಿ, ಛಡಿಯೇಟು ತಿಂದರು. ಇನ್ನೆಂದೂ ಜೀವಂತವಾಗಿ ಸೆರೆಸಿಕ್ಕೆನೆಂಬುದು ಅವರ ಪಣವಾಯಿತು. 1931ರ ಫೆಬ್ರುವರಿ 27ರಂದು ಆಲ್ಫ್ರೆಡ್ ಪಾರ್ಕಿನಲ್ಲಿ ಪೊಲೀಸರು ಸುತ್ತುವರಿದಾಗ, ಕೊನೆಯ ಗುಂಡನ್ನು ತಮಗೆಂದೇ ಉಳಿಸಿಕೊಂಡರೆಂದು ಜನ ಇಂದಿಗೂ ಹೇಳುತ್ತಾರೆ.

ನಳಿಗೆ ಬದಲಿಸಿದರೆ ಆಯುಧದ ಅಳತೆ ಬದಲಾಗುತ್ತದೆ. ಕಾಶಿಯ ಆ ಹುಡುಗ ಬದಲಿಸಿಕೊಂಡದ್ದು ಹೆಸರೊಂದನ್ನೇ. ಹತ್ತು ವರ್ಷ ಅದಕ್ಕೆ ತಕ್ಕಂತೆ ಬಾಳಿದ ಎಂಬುದೇ ನನಗೆ ಹೆಚ್ಚಿನ ವಿಸ್ಮಯ.