ಅಟ್ಟದ ಮೇಲಿನ ಸುಣ್ಣದ ಗುರುತು

ತುಮಕೂರಿನಿಂದ ತಿಪಟೂರಿಗೆ ಹೋಗುವ ಹೆದ್ದಾರಿಯೂ ಚಿಕ್ಕನಾಯಕನಹಳ್ಳಿ–ತುರುವೇಕೆರೆ ರಸ್ತೆಯೂ ಸಂಧಿಸುವ ಸ್ಥಳವೇ ಕಿಬ್ಬನಹಳ್ಳಿ ಕ್ರಾಸ್. ಸುತ್ತಲಿನ ಜನರ ಬಾಯಲ್ಲಿ ಅದು ಕೆ.ಬಿ. ಕ್ರಾಸ್. ತಿಂಗಳಿಗೊಮ್ಮೆ ಶನಿವಾರ ಅಲ್ಲಿ ಬಸ್ಸಿಳಿದು, ತೆಂಗಿನ ತೋಟಗಳ ನಡುವಣ ದಾರಿಯಲ್ಲಿ ನಡೆದು, ನಮ್ಮ ಸಭೆಯ ಒಂದು ಕುಟುಂಬದ ಮನೆಯಲ್ಲಿ ಪ್ರಾರ್ಥನಾ ಕೂಟವನ್ನು ನಡೆಸುವುದು ನನ್ನ ವಾಡಿಕೆಯಾಗಿತ್ತು. ನಮ್ಮದು ಮೆಥೊಡಿಸ್ಟ್ ಪರಂಪರೆಯಲ್ಲಿ ಬೆಳೆದ ಸಭೆ. ವೆಸ್ಲಿಯನ್ ಮಿಷನ್ 1830ರ ದಶಕದಲ್ಲಿಯೇ ಇದೇ ರಸ್ತೆಯ ಗುಬ್ಬಿಯಲ್ಲಿ ನೆಲೆಯೂರಿತ್ತು. 1947ರ ಸೆಪ್ಟೆಂಬರ್ 27ರಂದು ಆ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಹೆಸರು ಬದಲಾದರೂ ಮನೆಮನೆಯಲ್ಲಿ ಕೂಡಿ ಪ್ರಾರ್ಥಿಸುವ ರೂಢಿ ಉಳಿದುಬಂದಿದೆ.

2023ರ ನವೆಂಬರ್ ತಿಂಗಳ ಒಂದು ಶನಿವಾರ. ಆ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗೆ ಇಳಿದಿತ್ತು. ಆ ಮನೆಯ ಮಗಳು ನರ್ಸಿಂಗ್ ಓದುತ್ತಿದ್ದಳು. ಶುಲ್ಕ ಕಟ್ಟಲು ಕೊನೆಯ ದಿನ ಹತ್ತಿರವಾಗಿತ್ತು. ನಾನು ಅಂಗಳಕ್ಕೆ ಕಾಲಿಟ್ಟೊಡನೆ ಮನೆಯ ಯಜಮಾನರು, "ಅಯ್ಯನವರೇ, ಬೆಲೆ ಏರಲಿ ಎಂದು ಈ ಸಾರಿ ಪ್ರಾರ್ಥನೆ ಮಾಡಿ" ಎಂದರು. ನಾನು ತಲೆಯಾಡಿಸಿದೆ. ಅಂದಿನ ಪ್ರಸಂಗಕ್ಕೆ ನಾನು ಸಿದ್ಧಪಡಿಸಿಕೊಂಡಿದ್ದ ವಿಷಯವೂ ನಂಬಿಕೆಯೇ. ಚೀಲದಲ್ಲಿ ನಾಲ್ಕು ಪುಟಗಳ ಟಿಪ್ಪಣಿ ಇತ್ತು.

ಅಂದು ಅಟ್ಟದಿಂದ ಕಾಯಿ ಇಳಿಸುವ ಕೆಲಸ ನಡೆದಿತ್ತು. ಉಂಡೆ ಕೊಬ್ಬರಿಯಾಗಲು ಬಲಿತ ಕಾಯಿಯನ್ನು ಸಿಪ್ಪೆಯೊಡನೆ ಅಟ್ಟದ ಮೇಲೆ ಎಂಟು ಹತ್ತು ತಿಂಗಳಾದರೂ ಬಿಡಬೇಕು. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಒಣಗಿ ಕರಟದಿಂದ ಬಿಡಿಸಿಕೊಳ್ಳುತ್ತದೆ. ಅವಸರಪಟ್ಟು ಒಡೆದರೆ ಉಂಡೆ ಇಡಿಯಾಗಿ ಬರುವುದಿಲ್ಲ. ಆ ಮನೆಯ ತಾಯಿ ಒಂದೊಂದು ಕಾಯಿಯನ್ನೂ ಕಿವಿಯ ಬಳಿ ಅಲ್ಲಾಡಿಸಿ, ಸದ್ದು ಕೇಳಿ, ಕೆಳಗೆ ಕೊಡುತ್ತಿದ್ದರು. ನಾನೂ ಏಣಿಯ ಮೇಲೆ ನಿಂತು ಕೈಜೋಡಿಸಿದೆ.

ಸ್ವಲ್ಪ ಹೊತ್ತಿನಲ್ಲಿ ಅವರು ಕೆಲವು ಕಾಯಿಗಳನ್ನು ಬೇರೆಯಾಗಿ ಇಡುತ್ತಿರುವುದು ಕಂಡಿತು. ಅವುಗಳ ಸಿಪ್ಪೆಯ ಮೇಲೆ ಸುಣ್ಣದ ಗುರುತಿತ್ತು, ಅರ್ಧ ಅಳಿಸಿಹೋಗಿತ್ತು. ಕೇಳಿದಾಗ, ಅವು ಪಕ್ಕದ ಮನೆಯ ಅಜ್ಜಿಯವು ಎಂದರು. ಮಗಳ ಮನೆಗೆಂದು ಬೆಂಗಳೂರಿಗೆ ಹೊರಟಾಗ ಅಜ್ಜಿ ಇನ್ನೂರ ನಲವತ್ತು ಕಾಯಿಗಳನ್ನು ಇವರ ಅಟ್ಟದಲ್ಲಿ ಇಟ್ಟುಹೋಗಿದ್ದರು. ಚೀಟಿ ಇಲ್ಲ, ಸಾಕ್ಷಿ ಇಲ್ಲ. ಹನ್ನೊಂದು ಕಾಯಿಗಳು ಕೊಳೆತಿದ್ದವು. ತಾಯಿ ತಮ್ಮ ರಾಶಿಯಿಂದ ಹನ್ನೊಂದನ್ನು ಆರಿಸಿ ಆ ಕಡೆಗೆ ಸೇರಿಸಿದರು.

"ಇವು ನಿಮ್ಮವಲ್ಲವೇನಮ್ಮಾ?" ಎಂದೆ.

"ಕೊಳೆತಿದ್ದು ನಮ್ಮ ಅಟ್ಟದಲ್ಲಲ್ವಾ ಅಯ್ಯನವರೇ, ಪಾಪ, ಅಜ್ಜಿ ಏನು ಮಾಡ್ತಾರೆ?" ಎಂದು ಅವರು ಮತ್ತೊಂದು ಕಾಯಿಯನ್ನು ಕಿವಿಗೆ ಹಿಡಿದರು.

ಏಣಿಯ ಮೇಲೆ ನನಗೆ ನಿಲ್ಲಲಾಗಲಿಲ್ಲ. ಕಾರಣವನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು. ಹಿಂದಿನ ವರ್ಷ ಸಭೆಯ ಒಬ್ಬ ಹಿರಿಯರು, ವಿಧವೆಯಾದ ಒಬ್ಬ ಸಹೋದರಿಯ ಮನೆಗೆ ಹಂಚು ಹೊದಿಸಲೆಂದು ಎಂಟು ಸಾವಿರ ರೂಪಾಯಿಗಳನ್ನು ನನ್ನ ಕೈಗೆ ಕೊಟ್ಟಿದ್ದರು. ಕ್ರಿಸ್ಮಸ್ ಹತ್ತಿರವಾಗಿತ್ತು, ದೇವಾಲಯಕ್ಕೆ ಸುಣ್ಣಬಣ್ಣ ಆಗಬೇಕಿತ್ತು. ಆ ಹಣವನ್ನು ಅದಕ್ಕೆ ಬಳಸಿದೆ. ಮುಂದೆ ಸರಿಪಡಿಸಿದರಾಯಿತು ಎಂದುಕೊಂಡೆ. ಕೊಟ್ಟವರು ಕೇಳಲಿಲ್ಲ, ಆ ಸಹೋದರಿಗೆ ವಿಷಯವೇ ತಿಳಿದಿರಲಿಲ್ಲ. ಒಂದು ಮಳೆಗಾಲ ಕಳೆದುಹೋಯಿತು. ನಾನು ಪ್ರತಿ ಭಾನುವಾರವೂ ಬಿಳುಪಾದ ಗೋಡೆಗಳ ನಡುವೆ ನಿಂತು ಪ್ರಸಂಗ ಮಾಡಿದೆ.

ಅಂದು ಸಂಜೆ ಟಿಪ್ಪಣಿಯನ್ನು ಚೀಲದಿಂದ ತೆಗೆಯಲಿಲ್ಲ. ಬೆಲೆಗಾಗಿಯೂ ಮಗಳ ಓದಿಗಾಗಿಯೂ ಪ್ರಾರ್ಥಿಸಿ, ಉಳಿದ ಹೊತ್ತನ್ನು ಮೌನವಾಗಿ ಕಳೆದೆವು.

ಹಿಂದಿರುಗುವ ಬಸ್ಸಿನಲ್ಲಿ ನೆನಪಾದದ್ದು ಜಾನ್ ವೆಸ್ಲಿಯವರ ಕಾಲದ ಒಂದು ಸಂಗತಿ. 1742ರಲ್ಲಿ ಬ್ರಿಸ್ಟಲ್ ನಗರದ ಕೂಟದ ಮನೆಯ ಸಾಲ ತೀರಿಸಲೆಂದು ಸದಸ್ಯರನ್ನು ಹನ್ನೆರಡು ಹನ್ನೆರಡು ಜನರ ಗುಂಪುಗಳಾಗಿ ಮಾಡಿ, ವಾರಕ್ಕೊಂದು ಪೆನ್ನಿ ಸಂಗ್ರಹಿಸಲು ನಾಯಕರನ್ನು ನೇಮಿಸಿದರು. ಕಾಸಿಗಾಗಿ ಮನೆಮನೆಗೆ ಹೋದ ನಾಯಕರಿಗೆ ಅಲ್ಲಿನವರ ನಿಜವಾದ ಬದುಕು ಕಂಡಿತು. ಹಾಗೆ ಹುಟ್ಟಿದ್ದೇ ಒಬ್ಬರ ಆತ್ಮದ ಯೋಗಕ್ಷೇಮವನ್ನು ಮತ್ತೊಬ್ಬರು ವಿಚಾರಿಸುವ ಮೆಥೊಡಿಸ್ಟರ ಕ್ಲಾಸ್ ಕೂಟ. ಅವರ ಆತ್ಮದ ಲೆಕ್ಕ ಕಾಸಿನ ಲೆಕ್ಕದಿಂದಲೇ ಆರಂಭವಾಯಿತು. ಆ ಪರಂಪರೆಯ ಸಭಾಪಾಲಕನಾದ ನಾನು ಎರಡನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದೆ.

ಮರುದಿನ ಆರಾಧನೆಯ ಬಳಿಕ ಸಭಾ ಸಮಿತಿಯ ಮುಂದೆ ವಿಷಯವನ್ನು ತಿಳಿಸಿದೆ. ಹಣ ಕೊಟ್ಟ ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ನನ್ನ ಸಂಬಳದಿಂದ ಎಂಟು ಸಾವಿರ ತುಂಬಿ, ಆ ಸಹೋದರಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಕೆ ಗದರಲಿಲ್ಲ. "ಮಳೆಗಾಲ ಮುಗಿದೇ ಹೋಯ್ತಲ್ಲ ಅಯ್ಯನವರೇ" ಎಂದಷ್ಟೇ ಹೇಳಿದರು. ಹಂಚು ಬಂತು, ಸೂರು ಭದ್ರವಾಯಿತು. ಆದರೆ ಅವರು ಪಾತ್ರೆಗಳನ್ನು ಸಾಲಾಗಿ ಇಟ್ಟು ಸೋರುವ ನೀರು ಹಿಡಿದ ಆ ರಾತ್ರಿಗಳನ್ನು ನಾನು ಹಿಂದಕ್ಕೆ ಕೊಡಲಾರೆ.

ನಮ್ಮ ನುಡಿಯಲ್ಲಿ ನಂಬಿಕೆ, ನಂಬಿಗಸ್ತಿಕೆ ಎಂಬೆರಡು ಮಾತುಗಳೂ ಒಂದೇ ಬೇರಿನಿಂದ ಹುಟ್ಟಿದವು. ಸತ್ಯವೇದವನ್ನು ಓದುವಾಗಲೆಲ್ಲ ಎರಡನ್ನೂ ಉಚ್ಚರಿಸುತ್ತೇವೆ. ದೇವರನ್ನು ನಂಬಿದ್ದೇನೆಯೇ ಎಂದು ನಾನು ಎಷ್ಟೋ ಸಾರಿ ಪರೀಕ್ಷಿಸಿಕೊಂಡಿದ್ದೆ. ನೆರೆಯವರು ನನ್ನನ್ನು ನಂಬಬಹುದೇ ಎಂದು ದೇವರು ಕೇಳುವುದನ್ನು ಆ ಅಟ್ಟದ ಬಳಿ ಮೊದಲ ಸಲ ಕೇಳಿಸಿಕೊಂಡೆ.

ಆ ಕುಟುಂಬ ಅಂದು ಕಡಿಮೆ ಬೆಲೆಗೇ ಕೊಬ್ಬರಿಯನ್ನು ಮಾರಿತು. ಶುಲ್ಕಕ್ಕೆ ಸಾಲದೆ ಬಂದದ್ದನ್ನು ಸಾಲ ಮಾಡಿ ಕಟ್ಟಿದರು. ಅಜ್ಜಿಯ ಇನ್ನೂರ ನಲವತ್ತು ಕಾಯಿಗಳ ಹಣ ಬೆಂಗಳೂರಿಗೆ ತಲುಪಿತು.

ಪ್ರಿಯರೇ, ನಿಮ್ಮ ಅಟ್ಟದ ಮೇಲೂ ಬೇರೆಯವರ ಕಾಯಿಗಳು ಇದ್ದಾವು. ಗುರುತು ಅಳಿಸಿಹೋಗುವ ಮುನ್ನ ಒಮ್ಮೆ ಏಣಿ ಹತ್ತಿ ನೋಡೋಣ. ಕರ್ತನು ಅದಕ್ಕೆ ಬೇಕಾದ ಧೈರ್ಯವನ್ನು ನಮಗೆ ಅನುಗ್ರಹಿಸಲಿ.