ಅಘನಾಶಿನಿಯಿಂದ ಗೋಕರ್ಣಕ್ಕೆ

ಗೋಕರ್ಣಕ್ಕೆ ಹೋಗಿಬಂದವರು ಬಹಳ. ನಡೆದು ಹೋದವರು ಕೆಲವರೇ. ಬಸ್ಸಿನಿಂದಿಳಿದು ಕೋಟಿತೀರ್ಥದಲ್ಲಿ ಮಿಂದು, ಮಹಾಬಲೇಶ್ವರನ ದರ್ಶನ ಪಡೆದು, ಸಂಜೆಗೆ ಓಂ ತೀರವನ್ನು ಕಂಡು ಮರಳುವ ಯಾತ್ರಿಕನಿಗೆ ಆ ಸೀಮೆಯ ಸೊಗಸು ಅರ್ಧ ಮಾತ್ರ ದಕ್ಕುತ್ತದೆ. ಉಳಿದರ್ಧವು ಬೇಕಾದವನು ಕುಮಟೆಯ ಕಡೆಯಿಂದ ಅಘನಾಶಿನಿ ಎಂಬ ಹಳ್ಳಿಗೆ ಬಂದು, ಹೊಳೆಯನ್ನು ದಾಟಿ, ಕಡಲಂಚಿನ ಗುಡ್ಡಗಳ ಮೇಲೆ ಒಂದು ಹಗಲು ಕಾಲ್ನಡೆಯಲ್ಲಿ ಸಾಗಬೇಕು.

ಹಳ್ಳಿಗೆ ಹೊಳೆಯದೇ ಹೆಸರು. ಶಿರಸಿಯ ಸೀಮೆಯಲ್ಲಿ ಹುಟ್ಟಿ ಘಟ್ಟವಿಳಿದು ಬರುವ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಕಾಡಿನ ಮೆಕ್ಕಲುಮಣ್ಣನ್ನು ಹೊತ್ತ ಸಿಹಿನೀರು ಇಲ್ಲಿ ಕಡಲಿನ ಉಪ್ಪುನೀರಿನೊಡನೆ ಬೆರೆಯುತ್ತದೆ. ದೋಣಿಯಲ್ಲಿ ತದಡಿಗೆ ದಾಟುವವನು ಇಳಿತದ ವೇಳೆಗೆ ಬಂದನಾದರೆ, ಮೊಳಕಾಲುದ್ದದ ನೀರಿನಲ್ಲಿ ಬಾಗಿ ಬೆಳಚು ಎಂಬ ಚಿಪ್ಪುಜೀವಿಯನ್ನು ಆರಿಸುವ ಹೆಂಗಸರನ್ನು ಕಾಣಬಹುದು. ಆರಿಸಿದ್ದು ಮನೆಯ ಸಾರಿಗೂ ಆಯಿತು, ಪೇಟೆಯ ಮಾರಾಟಕ್ಕೂ ಆಯಿತು. ಅಳಿವೆಯ ಒಳಭಾಗದಲ್ಲಿ ಗಜನಿ ಎಂಬ ತಗ್ಗುಗದ್ದೆಗಳುಂಟು. ಉಪ್ಪನ್ನು ಸಹಿಸಿ ಬೆಳೆಯುವ ಕಗ್ಗ ಭತ್ತವು ಅಲ್ಲಿಯ ಹಳೆಯ ಬೆಳೆ. ಸಮೀಪದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಭತ್ತ, ಮೀನು, ಚಿಪ್ಪು, ಉಪ್ಪು—ಈ ನಾಲ್ಕಕ್ಕೂ ಹೊಳೆ ಮತ್ತು ಕಡಲುಗಳ ಕೂಟವೇ ತಾಯಿಬೇರು.

ತದಡಿಯ ಒಣಮೀನಿನ ವಾಸನೆಯನ್ನು ಹಿಂದಿಕ್ಕಿ, ಬೇಲೇಕಾನದ ತೆಂಗಿನ ನೆರಳನ್ನು ದಾಟಿದೊಡನೆ ಏರು ತೊಡಗುತ್ತದೆ. ಕಾಲಡಿಯಲ್ಲಿ ತೂತುತೂತಾದ ಕೆಂಪು ಕಲ್ಲು. ಅಗೆದಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಇದನ್ನು ಕಡಿದು ಕರಾವಳಿಯವರು ಮನೆ ಕಟ್ಟುತ್ತಾರೆ. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಜಾತಿಯ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರದು.

ಗುಡ್ಡದ ನೆತ್ತಿಯಲ್ಲಿ ನಿಂತವನಿಗೆ ಒಂದು ಕಡೆ ಮೇರೆಯಿಲ್ಲದ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಬೆಳ್ಳಿಯ ಹಾಸಿನಂತಹ ಅಳಿವೆ, ಅದರಾಚೆ ಸಹ್ಯಾದ್ರಿಯ ನೀಲಿ ಸಾಲು. ಮುಂದಿನ ದಾರಿಯು ಏರಿಳಿತಗಳ ಸರಮಾಲೆ. ಕೊಲ್ಲಿಯೊಂದಕ್ಕೆ ಇಳಿ, ಮರಳನ್ನು ದಾಟು, ಮತ್ತೆ ಗುಡ್ಡವನ್ನೇರು. ಪ್ಯಾರಡೈಸ್, ಹಾಫ್ ಮೂನ್ ಎಂಬ ತೀರಗಳು ಪ್ರವಾಸಿಗರ ಬಾಯಲ್ಲಿ ಇಂಗ್ಲಿಷ್ ಹೆಸರು ಪಡೆದವು. ಎರಡು ಕಮಾನುಗಳ ನಡುವೆ ಬಂಡೆ ಚಾಚಿರುವ ಓಂ ತೀರಕ್ಕೆ ಆಕಾರವೇ ಹೆಸರನ್ನು ಕೊಟ್ಟಿತು. ಕೊನೆಯದು ಕುಡ್ಲೆ. ಅಲ್ಲಿಂದ ಒಂದು ಗುಡ್ಡ ದಾಟಿದರೆ ಗೋಕರ್ಣ—ಗೌರೀಶ ಕಾಯ್ಕಿಣಿಯವರು ಬಾಳಿದ ಊರು. ಯಶವಂತ ಚಿತ್ತಾಲರ ಹುಟ್ಟೂರಾದ ಹನೇಹಳ್ಳಿಯೂ ಅದರ ನೆರೆಯದೇ.

ಹೊರಡುವವರಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಹಿತ. ಕುಡಿಯುವ ನೀರು ಜೊತೆಗಿರಲಿ. ಮಳೆಗಾಲದಲ್ಲಿ ಪಾಚಿಗಟ್ಟಿದ ಬಂಡೆಯ ಮೇಲೆ ಕಾಲಿಡುವುದೂ, ಮಕ್ಕಳನ್ನು ಅಲೆಯ ಬಳಿ ಬಿಡುವುದೂ ಪ್ರಾಣಕ್ಕೆ ಅಪಾಯ. ಕತ್ತಲಾಗುವ ಮುನ್ನ ಕುಡ್ಲೆಯನ್ನು ಸೇರುವಂತೆ ಹೊತ್ತಿಗೆ ಹೊರಡಬೇಕು.

ನೋಡುವವನ ಕಣ್ಣಿಗೆ ಈ ನೋಟವು ಶಾಶ್ವತವೆಂದು ತೋರುತ್ತದೆ, ವಾಸ್ತವವು ಹಾಗಿಲ್ಲ. ತದಡಿಯಲ್ಲಿ ಕಲ್ಲಿದ್ದಲಿನ ಬೃಹತ್ ವಿದ್ಯುತ್ ಸ್ಥಾವರವನ್ನು ನಿಲ್ಲಿಸುವ ಯೋಜನೆಯೊಂದು ಹಿಂದೆ ಬಂದಿತ್ತು. ಜನರು ಎದುರಾಗಿ ನಿಂತರು, ಅದು ಕೈಗೂಡಲಿಲ್ಲ. 2024ರಲ್ಲಿ 4,801 ಹೆಕ್ಟೇರಿನ ಅಳಿವೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಆದರೆ ಹೊಳೆಯ ನೀರನ್ನು ಬಯಲುಸೀಮೆಯ ವೇದಾವತಿಗೆ ತಿರುಗಿಸುವ ಮಾತೂ ಎದ್ದಿದೆ. ಬಯಲಿನ ಬಾಯಾರಿಕೆ ಸುಳ್ಳಲ್ಲ. ಆದರೂ ಕಡಲಿಗೆ ಸೇರುವ ನೀರು ವ್ಯರ್ಥವೆಂದು ಹೇಳುವ ಮುನ್ನ, ಇಳಿತದ ಹೊತ್ತಿನಲ್ಲಿ ಒಮ್ಮೆ ಈ ಹೊಳೆಯನ್ನು ದಾಟಿ, ಅದೇ ನೀರಿನಲ್ಲಿ ಬಾಗಿ ನಿಂತವರ ಬುಟ್ಟಿಯೊಳಗೆ ಇಣುಕಿ ನೋಡುವುದು ಲೇಸು.