ಬ್ಯಾಳಿ ಬೇಯದ ಯುಗಾದಿ

ಕೊಪ್ಪಳ ಜಿಲ್ಲೆ ಹೆಸರಿಗೆ ಒಂದೇ. ನೀರಿನ ಲೆಕ್ಕದಲ್ಲಿ ಮಾತ್ರ ಎರಡು. 1953ರಲ್ಲಿ ಮುನಿರಾಬಾದಿನಲ್ಲಿ ತುಂಗಭದ್ರೆಗೆ ಅಣೆಕಟ್ಟು ಆದ ಮೇಲೆ ಎಡದಂಡೆ ಕಾಲುವೆ ಹರಿದ ಗಂಗಾವತಿ ಭತ್ತದ ನಾಡಾಯಿತು. ನಮ್ಮ ಯಲಬುರ್ಗಾ, ಕುಷ್ಟಗಿ ಮಳೆಯನ್ನೂ ಬೋರ್‌ವೆಲ್ಲನ್ನೂ ನಂಬಿಕೊಂಡೇ ಉಳಿದವು. ಈ ಫರಕು ಹೊಲದಲ್ಲಿ ಎಲ್ಲರಿಗೂ ಕಾಣುತ್ತದೆ. ಅಡುಗೆಮನೆಯಲ್ಲೂ ಇದೆ ಅಂತ ನನಗೆ ತಿಳಿದದ್ದು ಹೋದ ವರ್ಷದ ಯುಗಾದಿಗೆ.

ತಂಗಿಯ ಮದುವೆಯಾದ ಮೇಲಿನ ಮೊದಲ ಯುಗಾದಿ ಅದು. ಗಂಗಾವತಿಯಿಂದ ಅಳಿಯಂದಿರ ಜೊತೆ ಬೀಗರೂ ಊಟಕ್ಕೆ ಬರುವವರಿದ್ದರು. ನಮ್ಮಲ್ಲಿ ಯುಗಾದಿ ಅಂದರೆ ಹೋಳಿಗೆ. ಅವ್ವ ನಸುಕಿನಲ್ಲೇ ಎದ್ದು ಎರಡು ಕಿಲೋ ಕಡಲೆಬೇಳೆ ಒಲೆ ಮೇಲಿಟ್ಟಿದ್ದಳು. ಎಂಟಾಯಿತು, ಒಂಬತ್ತಾಯಿತು. ಬೇಳೆ ಕುದಿಯಿತೇ ಹೊರತು ಬೇಯಲಿಲ್ಲ. ಊರಿನ ಶುದ್ಧ ನೀರಿನ ಘಟಕ ಎರಡು ದಿನದಿಂದ ಕೆಟ್ಟು ನಿಂತಿತ್ತು. ಬೇಳೆಗೆ ಹಾಕಿದ್ದು ಬೋರ್‌ವೆಲ್ಲಿನ ಸವಳು ನೀರು.

ಅಷ್ಟರಲ್ಲಿ "ಹೊರಟೀವಿ" ಅಂತ ಬೀಗರ ಫೋನು. ಅವ್ವನಿಗೆ ಕೈಕಾಲೇ ಆಡಲಿಲ್ಲ. ಬೆಲ್ಲ ಹಾಕಿ ಇನ್ನೊಂದಿಷ್ಟು ಕುದಿಸಿದರೆ ಸರಿಹೋದೀತು ಅಂತ ಬೆಲ್ಲದ ಡಬ್ಬಿಗೆ ಕೈ ಹಾಕಿದಳು. ಆಯಿ ಒಂದು ಬೇಳೆ ತೆಗೆದು ಬೆರಳಲ್ಲಿ ಹಿಚುಕಿ ನೋಡಿದರು.

"ತಡೀಯವಾ, ಬೆಲ್ಲ ಹಾಕಬ್ಯಾಡ. ಬೆಲ್ಲ ಬಿತ್ತಂದ್ರ ಬ್ಯಾಳಿ ಅಲ್ಲೇ ನಿಂತಬಿಡ್ತೈತಿ. ಈಗಂದ್ರ ಖಾರಕ್ಕರ ಆಗ್ತೈತಿ."

ಮುಂದಿನ ಎರಡು ತಾಸು ಮನೆಮಂದಿಯೆಲ್ಲ ಓಡಾಡಿದ್ದೇ ಓಡಾಡಿದ್ದು. ಬೇಳೆ ಬಸಿದು ಕಟ್ಟು ಬೇರೆ ಮಾಡಿದರು. ಎರಡು ಹಿಡಿ ಬೇಳೆ ನುಣ್ಣಗೆ ರುಬ್ಬಿ ಕಟ್ಟಿಗೆ ಸೇರಿಸಿದರೆ ಸಾರು ಗಟ್ಟಿಯಾಯಿತು. ಉಳಿದ ಬೇಳೆಯನ್ನು ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ ಜೊತೆ ತರಿತರಿಯಾಗಿ ರುಬ್ಬಿ, ಉಳ್ಳಾಗಡ್ಡಿ, ಕೊತ್ತಂಬರಿ, ಒಂದಿಷ್ಟು ಕಡಲೆಹಿಟ್ಟು ಕಲಸಿ ವಡೆ ಮಾಡಿದರು. ಹೋಳಿಗೆಗೆ ಅಂತ ನಾದಿಟ್ಟ ಕಣಕ ಹಾಗೇ ಇತ್ತಲ್ಲ, ಅದಕ್ಕೆ ಹಿಟ್ಟು ಹಾಕಿ ತುಸು ಗಟ್ಟಿ ಮಾಡಿಕೊಂಡರು. ಮನೆಯಲ್ಲಿ ಶೇಂಗಾಕ್ಕೇನೂ ಬರವಿಲ್ಲ. ಹುರಿದದ್ದು ಅವ್ವ, ಮರದಲ್ಲಿ ಕೇರಿ ಸಿಪ್ಪೆ ಹಾರಿಸಿದ್ದು ನಾನು. ಶೇಂಗಾಪುಡಿ, ಬೆಲ್ಲ, ಹುರಿದ ಎಳ್ಳು, ಏಲಕ್ಕಿ ಕಲಸಿ ತುಂಬಿ ತೆಳ್ಳಗೆ ಲಟ್ಟಿಸಿದರೆ ಶೇಂಗಾ ಹೋಳಿಗೆ ಸಿದ್ಧ.

ಬೀಗರು ಎಲೆ ಮುಂದೆ ಕೂತರು. "ಬ್ಯಾಳಿ ಹೋಳಿಗಿ ಮಾಡಿಲ್ಲೇನ್ರೀ?" ಅಂತ ಒಬ್ಬರು ಕೇಳಿಯೇ ಬಿಟ್ಟರು. ಅವ್ವ ತಲೆ ತಗ್ಗಿಸಿ, "ಬ್ಯಾಳಿ ಬೇಯಲಿಲ್ರೀ" ಅಂದಳು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಗ ತಂಗಿಯ ಅತ್ತೆ ಅಂದರು: "ನನ್ನ ತವರುಮನಿ ಕುಷ್ಟಗಿ ಕಡೀದು ರೀ. ಬ್ಯಾಳಿ ಬೇಯದಿದ್ರ ನಮ್ಮವ್ವನ ಕೈಗುಣಾನ ಸರಿ ಇಲ್ಲ ಅಂತಿದ್ರು. ನಾ ಗಂಗಾವತಿಗೆ ಬಂದ ಮ್ಯಾಲೆ ತಿಳೀತು, ಕೈ ಅದ, ನೀರು ಬ್ಯಾರೆ." ಹಾಗಂದು ಇನ್ನೊಂದು ಶೇಂಗಾ ಹೋಳಿಗೆ ಹಾಕಿಸಿಕೊಂಡರು. ಅವ್ವನ ಮುಖ ಅರಳಿತು.

ಗಡಸು ನೀರಿನ ಪಾಠ ನಾನು ಇಂಜಿನಿಯರಿಂಗ್ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮಾಡಿದ್ದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಳೆಯೊಳಗಿನ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತವೆ. ಬೆಲ್ಲದಲ್ಲೂ ಕ್ಯಾಲ್ಸಿಯಂ ಇದೆ, ಅದೂ ಬೇಳೆ ಮೆತ್ತಗಾಗುವುದನ್ನು ತಡೆಯುತ್ತದೆ. ಪರೀಕ್ಷೆಗೆ ಓದಿ ಮಾರ್ಕ್ಸ್ ತಗೊಂಡ ನನಗೆ ಇದು ನಮ್ಮವ್ವನ ಒಲೆಯ ವಿಷಯ ಅಂತ ಹೊಳೆದಿರಲಿಲ್ಲ. ಶಾಲೆ ಮೆಟ್ಟಿಲು ಹತ್ತದ ಆಯಿಗೆ ಬೆರಳಲ್ಲೇ ಗೊತ್ತಿತ್ತು. ಹೆಂಗಸರ ಕೈಗುಣದ ಬಗ್ಗೆ ಮಾತಾಡುವವರು ಮೊದಲು ಕೊಡದೊಳಗಿನ ನೀರಿನ ಗುಣ ನೋಡಬೇಕು.

ನಿಮ್ಮೂರಲ್ಲೂ ಸವಳು ನೀರಿದ್ದರೆ ಹಬ್ಬದ ಅಡುಗೆಗೆ ಸಿಹಿನೀರು ಹಿಂದಿನ ದಿನವೇ ತುಂಬಿಡಿ. ಬೇಳೆ ಮೂರ್ನಾಲ್ಕು ತಾಸು ನೆನೆಯಲಿ. ಬೇರೆ ನೀರು ಸಿಗದಿದ್ದರೆ ಚಿಟಿಕೆ ಅಡುಗೆಸೋಡಾ ಹಾಕಬಹುದು, ಹೆಚ್ಚಾದರೆ ರುಚಿ ಕೆಡುತ್ತದೆ. ಬೆಲ್ಲ ಹಾಕುವ ಮೊದಲು ನಾಲ್ಕು ಬೇಳೆ ಹಿಚುಕಿ ನೋಡಿ. ಡಬ್ಬಿಯಲ್ಲಿ ಒಂದು ಕಿಲೋ ಶೇಂಗಾ ಇದ್ದರೆ ಇನ್ನೂ ಒಳ್ಳೆಯದು.